ಹೊಸ್ತಿಲವರೆಗಿನ ಅಳತೆ

ನ್ಯಾಯಾಲಯ ಮೊದಲ ಸಲ ನನ್ನನ್ನೇ ನೇರವಾಗಿ ಕೇಳಿದ ಪ್ರಶ್ನೆಗೆ ನಾನು ಅರ್ಧ ನಿಮಿಷ ಬಹಳ ಚೆನ್ನಾಗಿ ಉತ್ತರ ಕೊಟ್ಟೆ. ಮೈಕು ಆಫ್ ಆಗಿತ್ತು. ವಿಡಿಯೋ ವಿಚಾರಣೆ ಶುರುವಾಗುವ ಮೊದಲು ಅದು ಆಫ್ ಇದೆಯೇ ಎಂದು ಐದು ಸಲ ನೋಡಿಕೊಂಡಿದ್ದವನು ನಾನೇ. ನಡುವೆ ಕೆಮ್ಮು ಬಂದು ಅದೂ ನ್ಯಾಯಾಂಗ ನಿಂದನೆ ಆಗಿಬಿಟ್ಟರೆ ಎಂಬ ಭಯ. ಆನ್ ಮಾಡಬೇಕಾಗಿ ಬಂದೀತು ಎಂಬುದನ್ನು ಮಾತ್ರ ಯೋಚಿಸಿರಲಿಲ್ಲ. ಪಕ್ಕದಲ್ಲಿದ್ದ ಪೌರಾಯುಕ್ತರು ಕೈ ಚಾಚಿ ಗುಂಡಿ ಒತ್ತುವ ಹೊತ್ತಿಗೆ ನನ್ನ ಉತ್ತರದಲ್ಲಿ ಉಳಿದಿದ್ದದ್ದು ಬಾಲ ಮಾತ್ರ: "...ಆರು ವಾರ ಸಾಕು, ಸ್ವಾಮಿ."

ನಾನು ಹೇಳಲು ಹೊರಟಿದ್ದು ಆರು ವಾರದಲ್ಲಿ ಅಳತೆ ಮುಗಿಸುತ್ತೇವೆ ಎಂದು. ಆದೇಶದಲ್ಲಿ ಅದು ಆರು ವಾರದಲ್ಲಿ ಕೊಳಚೆಯ ಹರಿವನ್ನೇ ನಿಲ್ಲಿಸುತ್ತೇವೆ ಎಂದಾಯಿತು. "ತಿದ್ದಿಸೋಣ ಸಾರ್" ಎಂದೆ. "ಕೋರ್ಟು ಬರ್ಕೊಂಡಿದ್ದನ್ನ ತಿದ್ದಕ್ಕೆ ನೀವ್ಯಾರ್ರೀ?" ಎಂದರು ಪೌರಾಯುಕ್ತರು.

ಊರಿನ ಹೆಸರು ಬರೆಯುವುದಿಲ್ಲ. ಶಿಡ್ಲಘಟ್ಟದಿಂದಲೂ ಚಿಂತಾಮಣಿಯಿಂದಲೂ ಒಂದೇ ಬಸ್ಸಿನಲ್ಲಿ ತಲುಪಬಹುದಾದ ಊರು ಎಂದುಕೊಂಡರೆ ಸಾಕು. ಅಲ್ಲಿ ನಾನು ಒಳಚರಂಡಿ ನೋಡಿಕೊಳ್ಳುತ್ತಿದ್ದ ಇಂಜಿನಿಯರು. ಊರ ನಡುವೆ ರಾಜಕಾಲುವೆ ಹರಿದು ಕೆರೆ ಸೇರುತ್ತದೆ. ಕಾಲುವೆಯ ದಂಡೆಯಗುಂಟ ಮಣ್ಣಿನಡಿ ಒಳಚರಂಡಿಯ ದೊಡ್ಡ ಕೊಳವೆ. ಕೊಳವೆ ತುಂಬಿದಾಗ ಕೊಳಚೆ ಉಕ್ಕಿ ರಸ್ತೆಗೆ ಬರಬಾರದೆಂದು ನನಗಿಂತ ಹಿಂದಿದ್ದ ಯಾರೋ ಪುಣ್ಯಾತ್ಮರು ಏಳು ಮ್ಯಾನ್‌ಹೋಲ್‌ಗಳ ಗೋಡೆ ಕೊರೆದು ಕಾಲುವೆಯ ಕಡೆಗೆ ಬಾಯಿ ಬಿಟ್ಟಿದ್ದರು. ಯಾವ ನಕ್ಷೆಯಲ್ಲೂ ಅವು ಇರಲಿಲ್ಲ. ಕೆರೆಯ ಕೆಳಗೆ ಹಿಪ್ಪುನೇರಳೆ ಬೆಳೆಯುವವರು ಮಾತ್ರ ಅವನ್ನು ಬಲ್ಲವರಾಗಿದ್ದರು. ಆ ನೀರು ಹಾಯಿಸಿದ ಸೊಪ್ಪು ತಿಂದ ರೇಷ್ಮೆಹುಳುಗಳು ಹಣ್ಣಾಗಿ ಗೂಡು ಕಟ್ಟುವ ಮೊದಲೇ ಸಾಯುತ್ತಿವೆ ಎಂದು ಅವರು ಕೋರ್ಟಿಗೆ ಹೋದರು. ಅವರದೇ ಗೂಡನ್ನು ಬೇಯಿಸಿ ನೂಲು ತೆಗೆಯುವ ಊರಿನ ರೀಲರುಗಳ ಬೇಸಿನ್ ನೀರು, ಊರವರ ಪಾಯಿಖಾನೆಯ ನೀರಿನ ಜೊತೆ ಸೇರಿ, ಏಳು ಬಾಯಿಗಳಿಂದ ವಾಪಸು ಅವರ ತೋಟಕ್ಕೇ ಹೋಗುತ್ತಿತ್ತು.

ನ್ಯಾಯಾಲಯ ತಾನೇ ಉಸ್ತುವಾರಿಗೆ ಇಳಿಯಿತು. ಏಳು ಬಾಯಿಗಳಿಗೂ ನಂಬರು. ದಿನಕ್ಕೆರಡು ಸಲ ಫೋಟೋ, ಅದರಲ್ಲಿ ಹೊತ್ತು ಮತ್ತು ಜಾಗ ಕಾಣಬೇಕು. ಹರಿವು ಎಷ್ಟು ಬೆರಳು ಎಂದು ವಹಿಯಲ್ಲಿ ನಮೂದಿಸಬೇಕು. ವಾರಕ್ಕೊಂದು ವರದಿ, ತಿಂಗಳಿಗೊಂದು ಪ್ರಮಾಣಪತ್ರ. ಇದರ ಮೇಲೆ ಕೋರ್ಟ್ ಕಮಿಷನರ್ ಎಂದು ಒಬ್ಬ ವಕೀಲೆಯನ್ನು ನೇಮಿಸಿತು. ಚಿಕ್ಕ ವಯಸ್ಸಿನವರು. ಗಂಬೂಟು ಹಾಕಿಕೊಂಡು, ಹೇಳದೆ ಕೇಳದೆ ಬಂದು ಕಾಲುವೆಗೆ ಇಳಿದುಬಿಡುತ್ತಿದ್ದರು.

ಮೊದಲ ಆರು ಬಾಯಿ ಮುಚ್ಚಿದ್ದು ಕಷ್ಟವೆನಿಸಲಿಲ್ಲ. ಕೊಳವೆಯೊಳಗೆ ಬೆಂದ ಹುಳ, ಗೂಡಿನ ಸಿಪ್ಪೆ ಸೇರಿ ಹಿಂಡಿಯಂತೆ ಗಟ್ಟಿಯಾಗಿತ್ತು. ರಭಸವಾಗಿ ನೀರು ಚಿಮ್ಮಿಸುವ ಜೆಟ್ಟಿಂಗ್ ಯಂತ್ರದಿಂದ ಒಡೆದು ತೆಗೆಸಿದೆವು. ಊರಾಚೆಯ ಪಂಪ್‌ಹೌಸಿನಲ್ಲಿ ಕೆಟ್ಟು ಕೂತಿದ್ದ ಎರಡನೇ ಪಂಪು ರಿಪೇರಿಯಾಯಿತು. ಒಂದೊಂದೇ ಬಾಯಿಗೆ ಕಾಂಕ್ರೀಟು ತುಂಬಿದೆವು. ಆರರ ಪಾಲಿನದೂ ಸೇರಿ ಏಳನೆಯದರಲ್ಲಿ ಬಂತು.

ಏಳನೆಯದನ್ನು ಪೂರ್ತಿ ಮುಚ್ಚುವಂತಿರಲಿಲ್ಲ. ನನ್ನ ಉಪಾಯ ಇಷ್ಟು: ಆ ಬಾಯಿಗೆ ಎಂಟು ವರಸೆ ಇಟ್ಟಿಗೆಯ ಗೋಡೆ ಕಟ್ಟಿ ತುಟಿಯನ್ನು ಎರಡಡಿ ಎತ್ತರಿಸುವುದು. ಆಗ ಕೊಳವೆ ಇನ್ನಷ್ಟು ಹಿಡಿದಿಟ್ಟುಕೊಳ್ಳುತ್ತದೆ, ಅಷ್ಟರಲ್ಲಿ ಪಂಪು ಎಳೆದುಕೊಳ್ಳುತ್ತದೆ, ಕಾಲುವೆಗೆ ಹನಿಯೂ ಬೀಳುವುದಿಲ್ಲ. ಒಂದೇ ಷರತ್ತು. ಸುತ್ತಲಿನ ಯಾವ ಮನೆಯ ನೆಲವೂ ಆ ತುಟಿಗಿಂತ ತಗ್ಗಿನಲ್ಲಿರಬಾರದು. ಇದ್ದರೆ ಕೊಳಚೆ ಕಾಲುವೆಗೆ ಹೋಗುವ ಬದಲು ಆ ಮನೆಯ ಕಮೋಡಿನಿಂದ ಮೇಲೆ ಬರುತ್ತದೆ. ಆದ್ದರಿಂದ ಮನೆಮನೆಯ ಮಟ್ಟ ಅಳೆಯಬೇಕು.

ನಾನು ಚಿಂತೆಯ ಮನುಷ್ಯ. ಸ್ಕೂಟರಿನ ಬೀಗ ಮೂರು ಸಲ ಎಳೆದು ನೋಡುತ್ತೇನೆ. ಗ್ಯಾಸ್ ಆರಿಸಿದೆನೇ ಎಂದು ಅರ್ಧ ದಾರಿಯಿಂದ ವಾಪಸಾಗುತ್ತೇನೆ. "ಚಿಂತೆ ಮಾಡಕ್ಕೆ ಏನೂ ಸಿಗ್ಲಿಲ್ವಲ್ಲ ಅಂತಲೂ ಚಿಂತೆ ಮಾಡೋರು ನೀವು" ಎನ್ನುತ್ತಾಳೆ ಹೆಂಡತಿ. ಹಾಗಾಗಿ ಅಳತೆಗೆ ನಾನೇ ನಿಂತೆ. ಕಲ್ವರ್ಟಿನ ಮೇಲೆ ಬಿಳಿ ಬಣ್ಣದ ಗುರುತು ಹಾಕಿ, ಅದನ್ನೇ ಆಧಾರವಾಗಿಟ್ಟುಕೊಂಡು ಮಟ್ಟ ನೋಡುವ ದುರ್ಬೀನು ಹೂಡಿದೆ. ಅಂಕಿ ಬರೆದ ಉದ್ದ ಪಟ್ಟಿ, ನಾವು ಸ್ಟಾಫ್ ಎನ್ನುವುದು, ಅದನ್ನು ಹಿಡಿದವರು ನಮ್ಮ ಮೇಸ್ತ್ರಿ. ಮುರುಗಮಲ್ಲದ ಕಡೆಯಿಂದ ದಿನಾ ಬಸ್ಸಿನಲ್ಲಿ ಬರುವವರು. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಅರ್ಧ ಕನ್ನಡ, ಅರ್ಧ ತೆಲುಗು.

ಮೇಲಿನ ಮೂರು ಬೀದಿಗಳಲ್ಲಿ ಕೆಲಸ ನಿಧಾನವಾಗಿ ನಡೆಯಿತು. ಮನೆಗೆ ಎರಡು ಅಳತೆ, ಹೊಸ್ತಿಲಿನದೊಂದು, ಬಚ್ಚಲಿನದೊಂದು. ದುರ್ಬೀನಿಗೆ ಕಾಣದ ಬಚ್ಚಲಿಗೆ ಗಾರೆಯವರು ಬಳಸುವ ನೀರು ತುಂಬಿದ ಪೈಪು ಎಳೆದು ಮಟ್ಟ ಸಾಗಿಸಿದೆವು. ಪ್ರತಿ ಮನೆಯಲ್ಲೂ ಕಾಫಿ. ಒಂದು ಮನೆಯಲ್ಲಂತೂ ಮೇಸ್ತ್ರಿ ದೇವರ ಕೋಣೆಯ ಪಕ್ಕದಿಂದ ಪೈಪು ಎಳೆಯುತ್ತಿದ್ದಾಗ ಮನೆಯೊಡತಿ ಅವರ ಕೈಗೆ ತಂಬಿಟ್ಟು ಕೊಟ್ಟರು.

ನಾಲ್ಕನೆಯದು ಬೀದಿಯಲ್ಲ, ಗಲ್ಲಿ. ಕಾಲುವೆಯ ದಂಡೆಯಲ್ಲಿ ಏಳನೇ ಬಾಯಿಯ ಬುಡದಲ್ಲೇ ಇರುವ ಹನ್ನೊಂದು ಮನೆಗಳು. ಮುಂಭಾಗಕ್ಕೆ ಟೈಲ್ಸು, ಬಾಗಿಲಲ್ಲಿ ತುಳಸಿಯ ಬದಲು ಕ್ರೋಟನ್ ಕುಂಡ, ಒಳಗಿನ ಗೋಡೆಯಲ್ಲಿ ಬುದ್ಧನ ಪಟ. ಒಬ್ಬರು ಬ್ಯಾಂಕು, ಒಬ್ಬರು ನರ್ಸು, ಕೊನೆಯ ಮನೆಯವರು ಹೈಸ್ಕೂಲಿನಲ್ಲಿ ಗಣಿತದ ಟೀಚರು. ಇವು ಯಾರ ಮನೆಗಳು ಎಂದು ನಮ್ಮ ಕಡೆ ಯಾರೂ ಕೇಳುವುದಿಲ್ಲ. ಗಲ್ಲಿ ಊರಿನ ಯಾವ ದಿಕ್ಕಿಗಿದೆ ಎಂದು ನೋಡಿದರೆ ಸಾಕು.

ಅಂದು ಟೀಚರು ಬಾಗಿಲಿಗೆ ಬಂದು, "ಬನ್ನಿ ಸಾರ್ ಒಳಗೆ, ಬಿಸಿಲು. ಕಾಫಿ ಇಟ್ಟಿದೀನಿ" ಎಂದರು.

"ಬೇಡಿ ಮೇಡಂ, ಆಸಿಡಿಟಿ" ಎಂದೆ. ಹಿಂದಿನ ಬೀದಿಯಲ್ಲಿ ಮೂರು ಲೋಟ ಕುಡಿದು ಬಂದಿದ್ದೆ.

ಮೇಸ್ತ್ರಿ ಹೊಸ್ತಿಲ ಮೇಲೆ ಸ್ಟಾಫ್ ಇಟ್ಟರು. ನಾನು ಓದಿ ಬರೆದುಕೊಂಡೆ. ಮುಂದಿನ ಮನೆ. ಹನ್ನೊಂದು ಮನೆ ಮುಕ್ಕಾಲು ಗಂಟೆಯಲ್ಲಿ ಮುಗಿಯಿತು. ಎಷ್ಟು ಬೇಗ ಆಯಿತಲ್ಲ ಎಂದು ಖುಷಿಯಾದದ್ದು ನೆನಪಿದೆ. ಎಲ್ಲದಕ್ಕೂ ಚಿಂತೆ ಮಾಡುವವನು ಆ ಬೇಗಕ್ಕೆ ಮಾಡಲಿಲ್ಲ.

ಲೆಕ್ಕ ಸರಿಹೋಯಿತು. ಅತಿ ತಗ್ಗಿನ ಹೊಸ್ತಿಲೂ ಹೊಸ ತುಟಿಗಿಂತ ಒಂದಡಿ ಮೇಲಿತ್ತು. "ಸುತ್ತಲಿನ ಪ್ರತಿ ಮನೆಯ ಅತಿ ತಗ್ಗಿನ ನೆಲಮಟ್ಟ ಅಳೆಯಲಾಗಿದೆ" ಎಂದು ಪ್ರಮಾಣಪತ್ರದಲ್ಲಿ ಬರೆದು ಸಹಿ ಮಾಡಿದೆ. ಗೋಡೆ ಎದ್ದಿತು. ಏಳನೇ ಬಾಯಿ ಒಣಗಿತು. ವಹಿಯಲ್ಲಿ ಸೊನ್ನೆ, ಸೊನ್ನೆ, ಸೊನ್ನೆ. ವಿಚಾರಣೆಯ ದಿನ ಪೀಠ "ಪ್ರಶಂಸನೀಯ" ಎಂಬ ಪದ ಬಳಸಿತು. ಈ ಸಲ ಮೈಕು ಆನ್ ಇತ್ತು, ನನಗೆ ಹೇಳಲು ಏನೂ ಇರಲಿಲ್ಲ.

ಹಬ್ಬಕ್ಕೆಂದು ಗೂಡಿನ ಮಾರುಕಟ್ಟೆಗೆ ಮೂರು ದಿನ ರಜೆ ಬಂತು. ನಾಲ್ಕನೆಯ ದಿನ ಎಲ್ಲ ರೀಲರುಗಳೂ ಒಟ್ಟಿಗೆ ಒಲೆ ಹಚ್ಚಿದರು. ಬೆಳಗಿನ ಹತ್ತೂವರೆಗೆ ಎಲ್ಲರೂ ಒಟ್ಟಿಗೆ ಬೇಸಿನ್ ಬಸಿದರು.

ಟೀಚರ ತಾಯಿಗೆ ಸೊಂಟದ ಮೂಳೆ ಮುರಿದು ಆಪರೇಷನ್ ಆಗಿತ್ತು. ಮೆಟ್ಟಿಲು ಹತ್ತುವಂತಿಲ್ಲ, ಕುಕ್ಕರಗಾಲಲ್ಲಿ ಕೂರುವಂತಿಲ್ಲ. ಅವರಿಗಾಗಿಯೇ ಮಗಳು ಹಿಂದಿನ ಬಾತ್‌ರೂಮಿನವರೆಗೆ ಇಳಿಜಾರು ಮಾಡಿಸಿ, ಗೋಡೆಯುದ್ದಕ್ಕೂ ಸ್ಟೀಲಿನ ಹಿಡಿಕೆ ಹಾಕಿಸಿ, ಎತ್ತರದ ಕಮೋಡು ಕೂರಿಸಿದ್ದರು. ಆ ಬೆಳಗ್ಗೆ ಮಗಳು ಶಾಲೆಯಲ್ಲಿದ್ದರು, ತಾಯಿ ಬಾತ್‌ರೂಮಿನಲ್ಲಿದ್ದರು. ನೆಲದ ಜಾಲರಿಯಿಂದಲೂ ಕಮೋಡಿನಿಂದಲೂ ಬೆಚ್ಚಗಿನ ನೀರು ಎದ್ದಿತು. ನೀರಿನಲ್ಲಿ ಬೆಂದ ಹುಳ, ಉಳಿದದ್ದು ಏನೆಂದು ಹೇಳಬೇಕಿಲ್ಲ. ಏಳಲು ಹೋದರೆ ಜಾರುತ್ತದೆ. ಮುದುಕಿ ಎರಡೂ ಕೈಯಲ್ಲಿ ಹಿಡಿಕೆ ಹಿಡಿದು, ಪಾದ ಮುಳುಗುವಷ್ಟು ಕೊಳಚೆಯಲ್ಲಿ ಒಂದು ಗಂಟೆ ಕೂತಿದ್ದರು. ಪಕ್ಕದ ಮನೆಯ ನರ್ಸು ಡ್ಯೂಟಿ ಮುಗಿಸಿ ಬರುವವರೆಗೆ.

ಟೀಚರು ಕಚೇರಿಗೆ ಫೋನು ಮಾಡಿದರು. "ನಿಮ್ಮನೆ ಪೈಪೇ ಕಟ್ಕೊಂಡಿರಬೇಕು, ಏನಾದ್ರೂ ಬಟ್ಟೆಗಿಟ್ಟೆ ಹಾಕಿದೀರಾ?" ಎಂಬ ಉತ್ತರ ಸಿಕ್ಕಿತು. ಕೊಟ್ಟವನು ನಾನು. ಜೆಟ್ಟಿಂಗ್ ಯಂತ್ರ ಕಳಿಸಿದೆ. ಮನೆಯ ಪೈಪು ಕನ್ನಡಿಯಂತಿದೆ ಎಂದು ಯಂತ್ರದವರು ಹೇಳಿದರು. ಅದನ್ನೂ ಚಿಂತಿಸಲಿಲ್ಲ. ಎಂಟು ದಿನ ಬಿಟ್ಟು ಕೊಳಚೆ ಎರಡನೇ ಸಲ ಬಂತು.

ಅದರ ಮಾರನೆಯ ದಿನವೇ ಕೋರ್ಟ್ ಕಮಿಷನರು ಹೇಳದೆ ಬಂದಿಳಿದರು. ಕಾಲುವೆಗೆ ಇಳಿದು ಗೋಡೆಯ ಮೇಲೆ ಅಂಗೈ ಇಟ್ಟು ನೋಡಿದರು. "ಒಣಗಿದೆ, ಗುಡ್" ಎಂದರು. ಮೇಲೆ ಬರುವಾಗ ಟೀಚರು ದಾರಿಗೆ ಅಡ್ಡ ನಿಂತಿದ್ದರು.

"ಮೇಡಂ, ಎರಡು ನಿಮಿಷ ನಮ್ಮನೆ ಒಳಗೆ ಬಂದು ನೋಡಿ."

ಕಮಿಷನರು ನನ್ನ ಮುಖ ನೋಡಿದರು. ಆಮೇಲೆ ತಮ್ಮ ಕೈಯಲ್ಲಿದ್ದ ಆದೇಶದ ಪ್ರತಿ ನೋಡಿದರು. "ನೋಡಬೇಕು ಅಂತ ಅನ್ಸುತ್ತಮ್ಮ. ಆದ್ರೆ ನನಗೆ ವಹಿಸಿರೋದು ಕಾಲುವೆ ಮಾತ್ರ. ನೀವು ಕೇಸಲ್ಲಿ ಪಾರ್ಟಿನೂ ಅಲ್ಲ. ಅದರಾಚೆ ಬರೆದ್ರೆ ಇಡೀ ವರದಿನೇ ಬಿದ್ದೋಗುತ್ತೆ."

"ಹಂಗಾದ್ರೆ ನಮ್ಮನೇಲಿ ತುಂಬ್ಕೊಂಡಿದ್ದನ್ನ ಬಕೆಟ್ಟಲ್ಲಿ ತಂದು ಕಾಲುವೆಗೆ ಸುರೀಲಾ? ಆವಾಗ ಬರ್ಕೊಂತೀರಾ?"

ಕಮಿಷನರು ಗಂಬೂಟು ತೊಳೆದುಕೊಳ್ಳಲು ನೀರು ಕೇಳಿದರು. ಟೀಚರೇ ಒಂದು ಚೊಂಬು ತಂದುಕೊಟ್ಟರು.

ಕೊಳಚೆ ಮೂರನೇ ಸಲ ಬಂದಾಗ ನಾನೇ ಹೋದೆ. ಧೈರ್ಯದಿಂದಲ್ಲ. ಟೀಚರು ಪತ್ರಿಕೆಯವರಿಗೆ ಹೇಳಿಬಿಟ್ಟರೆ ಎಂಬ ಭಯದಿಂದ. ಹೊಸ್ತಿಲಲ್ಲಿ ಮೇಸ್ತ್ರಿ ಚಪ್ಪಲಿಯ ಪಟ್ಟಿ ಬಿಚ್ಚುತ್ತಲೇ ಇದ್ದರು. ಎಷ್ಟು ಹೊತ್ತು ಬಿಚ್ಚಿದರೆಂದರೆ ನೀರಿನ ಪೈಪನ್ನು ನಾನೇ ತೆಗೆದುಕೊಂಡೆ. ಒಂದು ತುದಿಯನ್ನು ಟೀಚರು ಹೊಸ್ತಿಲಿಗೆ ಹಿಡಿದರು, ಇನ್ನೊಂದು ತುದಿ ಹಿಡಿದು ನಾನು ಒಳಗೆ ನಡೆದೆ. ಒಳಗೆ ಕಾಲಿಟ್ಟ ಕೂಡಲೇ ನನ್ನ ಕಾಲು ಒಂದಡಿ ಕೆಳಗೆ ಹೋಯಿತು.

ಗಲ್ಲಿಗೆ ರಸ್ತೆ ಮಾಡಿದಾಗೆಲ್ಲ ನಾವು ಹಳೆಯದರ ಮೇಲೆಯೇ ಹೊಸದು ಹಾಕುತ್ತೇವೆ. ರಸ್ತೆ ಏರಿದಂತೆ ಮಳೆನೀರು ನುಗ್ಗದಿರಲೆಂದು ಅವರು ಹೊಸ್ತಿಲನ್ನು ಏರಿಸಿಕೊಂಡು ಬಂದಿದ್ದಾರೆ. ನೆಲ ಇದ್ದಲ್ಲೇ ಇದೆ. ಅಲ್ಲಿಂದ ಹಿಂದಕ್ಕೆ, ಕಾಲುವೆಯ ಕಡೆಗೆ ಇಳಿಜಾರು. ಬಾತ್‌ರೂಮಿನ ಗೋಡೆಗೆ ಪೈಪು ಹಿಡಿದೆ. ನೀರು ಅಲ್ಲಾಡಿ ಅಲ್ಲಾಡಿ ನನ್ನ ತೊಡೆಯ ಹತ್ತಿರ ನಿಂತಿತು. ಟೇಪು ಹಿಡಿದು ಲೆಕ್ಕ ಹಾಕಿದೆ. ಬಚ್ಚಲಿನ ನೆಲ ಹೊಸ್ತಿಲಿಗಿಂತ ಎರಡೂವರೆ ಅಡಿ ತಗ್ಗು. ಹಳೆಯ ಬಾಯಿ ಅದಕ್ಕಿಂತ ಅರ್ಧ ಅಡಿ ಕೆಳಗಿತ್ತು, ಆದ್ದರಿಂದ ಇಷ್ಟು ವರ್ಷ ಏನೂ ಆಗಿರಲಿಲ್ಲ. ನನ್ನ ಹೊಸ ತುಟಿ ಒಂದೂವರೆ ಅಡಿ ಮೇಲಿತ್ತು. ಕಾಲುವೆಯನ್ನು ಉಳಿಸಲು ನಾನು ಕೊಳಚೆಯನ್ನು ಈ ಮನೆಗಳಿಗೆ ತಿರುಗಿಸಿದ್ದೆ.

ಮುದುಕಿ ಮಂಚದ ಮೇಲಿಂದ ನೋಡುತ್ತಿದ್ದರು. "ನೀನೇನಪ್ಪಾ ಆ ಗೋಡೆ ಕಟ್ಟಿಸಿದೋನು?"

"ಹೌದಮ್ಮ."

"ಚೆಂದಾಗಿ ಕಟ್ಟಿಸಿದೀಯ. ಒಂದು ತೊಟ್ಟೂ ಆಚೆಗೆ ಹೋಗ್ಲಿಲ್ಲ ನೋಡು."

ಹೊರಗೆ ಬಂದು ಮೇಸ್ತ್ರಿಯನ್ನು ಕೇಳಿದೆ. "ಅವತ್ತು ಒಳಗೆ ಹೋಗಿ ಯಾಕೆ ಹಿಡೀಲಿಲ್ಲ?"

"ಹೊಸ್ತಿಲಿಗೆ ಹಿಡಿದೆ ಕದಾ ಸಾರ್" ಎಂದರು. ಆಮೇಲೆ ತಗ್ಗಿದ ದನಿಯಲ್ಲಿ, "ಮೀರು, ನೀವು ಕೂಡಾ ಒಳಗೆ ಹೋಗು ಅನ್ಲಿಲ್ಲ" ಎಂದರು. ಅದು ನಿಜ. ಕಾಫಿಗೆ ಕರೆದಾಗ ಆಸಿಡಿಟಿ ಎಂದವನು ನಾನು. ನಾನು ಜಾತಿ ಮಾಡುವವನಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡದ್ದೂ ಅಷ್ಟೇ ಸಲೀಸಾಗಿ. ವಿದುರಾಶ್ವತ್ಥದ ಹತ್ತಿರ ನಮ್ಮದು ಹೊಲಗದ್ದೆಯ ಮನೆತನ. ಅಲ್ಲಿ ಯಾರೂ ಯಾರಿಗೂ ಇದನ್ನು ಬಾಯಿಬಿಟ್ಟು ಕಲಿಸುವುದಿಲ್ಲ.

ಟೀಚರು ನನ್ನ ಕೈಯಲ್ಲಿದ್ದ ಅಳತೆಪುಸ್ತಕ ಕೇಳಿದರು. ಕೊಡಬಾರದಿತ್ತು, ಕೊಟ್ಟೆ. ಗಣಿತದವರು. ಪುಟ ತಿರುಗಿಸುತ್ತ ಹೋದರು.

"ಮೇಲಿನ ಬೀದಿಗಳಲ್ಲಿ ಮನೆಗೆ ಎರಡು ಅಂಕಿ ಇದೆ. ಹೊಸ್ತಿಲು, ಬಚ್ಚಲು. ನಮ್ಮ ಗಲ್ಲೀಲಿ ಬಚ್ಚಲಿನ ಕಡೆ ಬರೀ ಗೆರೆ ಎಳೆದಿದೀರಿ. ಹನ್ನೊಂದು ಗೆರೆ. ಗೆರೆ ಅಂದ್ರೆ ಏನು ಸಾರ್, ನಮಗೆ ಬಚ್ಚಲೇ ಇಲ್ಲ ಅಂತಾನಾ?"

"ಅಲ್ಲ ಮೇಡಂ... ಅನ್ವಯಿಸುವುದಿಲ್ಲ ಅಂತ."

ಅವರು ಪುಸ್ತಕ ಮುಚ್ಚಿ ವಾಪಸು ಕೊಟ್ಟರು. ಬೈದಿದ್ದರೆ ಹಗುರಾಗುತ್ತಿತ್ತು.

ಪೌರಾಯುಕ್ತರ ಮುಂದೆ ನಿಂತು, ಎಂಟರಲ್ಲಿ ಆರು ವರಸೆಯಾದರೂ ಕೀಳಬೇಕು ಎಂದೆ. ಅವರು ನಕ್ಕರು.

"ಕಿತ್ತರೆ ಏನಾಗುತ್ತೆ?"

"ಕಾಲುವೆಗೆ ಹರಿಯುತ್ತೆ ಸಾರ್."

"ಮುಂದಿನ ವಿಚಾರಣೆಗೆ ಎಷ್ಟು ದಿನ ಇದೆ?"

"ಒಂಬತ್ತು."

"ಸೊನ್ನೆ ತೋರಿಸಿದೋರು ಒಂಬತ್ತು ದಿನಕ್ಕೆ ಮುಂಚೆ ನೀವೇ ಗೋಡೆ ಕಿತ್ತು ಹರಿಸಿದ್ರೆ ಅದನ್ನ ಏನಂತಾರೆ ಗೊತ್ತಾ? ಜೈಲು ಅಂತಾರೆ. ನಿಮಗೆ ಬೀಪಿ ಬೇರೆ ಇದೆ."

ನನ್ನ ಬೀಪಿ ಇಡೀ ನಗರಸಭೆಗೆ ಗೊತ್ತು, ನಾನೇ ಹೇಳಿಕೊಂಡು ತಿರುಗಿದ್ದೇನೆ. ಗೋಡೆ ಕೀಳಬೇಕೆಂದರೆ ಕೋರ್ಟೇ ಹೇಳಬೇಕು, ಕೋರ್ಟಿಗೆ ಗೊತ್ತಾಗಬೇಕೆಂದರೆ ನಾನು ಹಿಂದೆ ಕೊಟ್ಟ ಪ್ರಮಾಣ ಸುಳ್ಳು ಎಂದು ನಾನೇ ಬರೆದುಕೊಡಬೇಕು. ಮೂರು ದಿನ ಒಂದೇ ವಾಕ್ಯದ ಮೇಲೆ ಕೂತೆ. "ತಾಂತ್ರಿಕ ಕಾರಣಗಳಿಂದ" ಎಂದು ಬರೆದೆ, ಹೊಡೆದುಹಾಕಿದೆ. ಅಮಾನತಾದರೆ ಮನೆ ಹೇಗೆ ನಡೆಯುತ್ತದೆ, ಮಗಳ ಮದುವೆಯ ಮಾತುಕತೆಯಲ್ಲಿ ಇದು ಬರುತ್ತದೆಯೇ, ಎಲ್ಲ ಸರದಿಯಂತೆ ಬಂದು ಹೋಯಿತು. ಕೊನೆಗೆ ಬರೆದೆ: "ಮೇಲಿನ ಬೀದಿಗಳ ಮನೆಗಳೊಳಗೆ ಹೋಗಿ ಅಳೆದೆವು. ಈ ಹನ್ನೊಂದು ಮನೆಗಳೊಳಗೆ ಸಿಬ್ಬಂದಿ ಹೋಗಲಿಲ್ಲ. ಹೋಗಿ ಎಂದು ನಾನೂ ಹೇಳಲಿಲ್ಲ, ನಾನೂ ಹೋಗಲಿಲ್ಲ. ಹೊಸ್ತಿಲಿನ ಅಳತೆಯನ್ನೇ ಮನೆಯ ಅಳತೆ ಎಂದು ಪ್ರಮಾಣ ಮಾಡಿದ್ದೇನೆ."

ಓದಿ ನೋಡಿದೆ. ಬದುಕಿನಲ್ಲಿ ನಾನು ಬರೆದ ಒಂದೇ ಒಳ್ಳೆಯ ಪ್ಯಾರಾ ಎನಿಸಿತು. ಅದನ್ನು ನಗರಸಭೆಯ ವಕೀಲರಿಗೆ ಕಳಿಸಿದೆ.

ಅವರು ಫೋನು ಮಾಡಿದರು. "ಏನ್ರೀ ಇದು, ಒಳಗೆ ಹೋಗ್ಲಿಲ್ಲ ಅಂತ ಎರಡು ಸಲ ಬರ್ದಿದೀರಿ? ಯಾಕೆ ಹೋಗ್ಲಿಲ್ಲ ಅಂತ ಜಡ್ಜು ಕೇಳ್ತಾರೆ. ಏನು ಹೇಳ್ತೀರಿ?"

ನಾನು ಆ ಪ್ಯಾರಾವನ್ನು ಇನ್ನೊಮ್ಮೆ ಓದತೊಡಗಿದೆ.

"ನೀವು ಬಾಯ್ಬಿಟ್ರೆ ಅದು ಚರಂಡಿ ಕೇಸಲ್ಲ, ಬೇರೆ ಕೇಸು. ನಿಮ್ಮ ಮೇಲೆ, ನಿಮ್ಮ ಮೇಸ್ತ್ರಿ ಮೇಲೆ. ಆ ಮುದುಕನ ಪೆನ್ಷನ್ನೂ ಹೋಗುತ್ತೆ. ಮಟ್ಟ ಎಷ್ಟಿದೆ ಅದನ್ನ ಸತ್ಯ ಬರೀರಿ. ಯಾಕೆ ಅನ್ನೋದಕ್ಕೆ ಒಂದು ಪದ ಸಾಕು. ಕಣ್ತಪ್ಪಿನಿಂದ."

ಮೇಸ್ತ್ರಿಯ ಪೆನ್ಷನ್ ನೆವ ಸಿಕ್ಕಿತು. ಒಪ್ಪಿದೆ. ಹನ್ನೊಂದು ಮನೆಗಳ ಬಚ್ಚಲಿನ ಸರಿಯಾದ ಮಟ್ಟಗಳನ್ನು, ಈ ಸಲ ಒಳಗೆ ಹೋಗಿ ಅಳೆದು, ಪಟ್ಟಿ ಮಾಡಿ, "ಕಣ್ತಪ್ಪಿನಿಂದ ಬಿಟ್ಟುಹೋಗಿದ್ದು" ಎಂದು ಸಲ್ಲಿಸಿದೆ. ಕಣ್ಣಿನ ತಪ್ಪೇನೂ ಇರಲಿಲ್ಲ. ಕಣ್ಣಿಗೆ ಹನ್ನೊಂದು ಬಾಗಿಲೂ ಚೆನ್ನಾಗಿಯೇ ಕಂಡಿದ್ದವು.

ಪೀಠ ಸಿಟ್ಟಾಗಲಿಲ್ಲ. ತಪ್ಪನ್ನು ತಾನೇ ಒಪ್ಪಿಕೊಂಡ ಅಧಿಕಾರಿಯ ಪ್ರಾಮಾಣಿಕತೆ ಎಂದು ಎರಡು ಮಾತು ಆಡಿತು. ನಾನು ಮೈಕು ಆಫ್ ಮಾಡಿಕೊಂಡೇ ಕೂತೆ. ಪೀಠ ಗೋಡೆ ಕೀಳಿ ಎನ್ನಲಿಲ್ಲ. ಕಾಲುವೆಗೆ ಹನಿಯೂ ಬೀಳದ ಸ್ಥಿತಿಯನ್ನು ಹಾಗೇ ಉಳಿಸಿಕೊಂಡು, ಆ ಹನ್ನೊಂದು ಮನೆಗಳಿಗೆ ಕೊಳಚೆ ಹಿಮ್ಮೆಟ್ಟದಂತೆ ನಾಲ್ಕು ವಾರದಲ್ಲಿ ಕ್ರಮ ಕೈಗೊಳ್ಳಬೇಕು, ಅಧಿಕಾರಿ ಪ್ರತಿ ಮನೆಯೊಳಗೆ ಖುದ್ದು ಹೋಗಿ ಪರಿಶೀಲಿಸಿ ವರದಿ ಕೊಡಬೇಕು ಎಂದಿತು.

ನಾನು ಗಲ್ಲಿಯ ತುದಿಯಲ್ಲಿ ಒಂದು ಸಣ್ಣ ತೊಟ್ಟಿ, ಅದಕ್ಕೊಂದು ಪಂಪು ಎಂದು ಯೋಜನೆ ಮಾಡಿಕೊಟ್ಟೆ. ಹನ್ನೊಂದು ಮನೆಯ ನೀರು ತೊಟ್ಟಿಗೆ ಇಳಿದು, ಅಲ್ಲಿಂದ ದೊಡ್ಡ ಕೊಳವೆಗೆ ಏರುತ್ತದೆ. ಪೌರಾಯುಕ್ತರು ಓದಿ ಪಕ್ಕಕ್ಕಿಟ್ಟರು.

"ಟೆಂಡರು ಗಿಂಡರು ಸೇರಿ ಆರು ತಿಂಗಳು. ಕೋರ್ಟು ಕೊಟ್ಟಿರೋದು ನಾಲ್ಕು ವಾರ. ಕೊಳಚೆ ಒಳಗೆ ಹೋಗದಂಗೆ ನಾಳೆನೇ ಮಾಡ್ಬೋದು, ಯೋಚನೆ ಮಾಡಿ."

ನನಗೆ ಹೊಳೆದಿತ್ತು. ಅವರ ಬಾಯಿಂದ ಬರಲಿ ಎಂದು ಕಾದೆ.

"ಆ ಮನೆಗಳ ಪೈಪು ನಮ್ಮ ಮ್ಯಾನ್‌ಹೋಲಿಗೆ ಸೇರೋ ಕಡೆ ಡಮ್ಮಿ ಮುಚ್ಚಳ ಹಾಕಿ, ಸಿಮೆಂಟ್ ಮೆತ್ತಿ. ಅವರದು ಈಚೆಗೆ ಬರಲ್ಲ, ನಮ್ಮದು ಆಚೆಗೆ ಹೋಗಲ್ಲ. ತಾತ್ಕಾಲಿಕ ಅಂತ ಬರೀರಿ. ಗಲ್ಲಿ ಬಾಯಿಗೆ ಮೊಬೈಲ್ ಟಾಯ್ಲೆಟ್ ಗಾಡಿ ನಿಲ್ಸಿ."

"ಆ ಗಾಡಿಗೆ ನಾಲ್ಕು ಮೆಟ್ಟಿಲು ಇದೆ ಸಾರ್. ಕೊನೇ ಮನೇಲಿ ಒಬ್ಬರು..."

"ಹನ್ನೊಂದು ಮನೆ ಮಟ್ಟ ತಗ್ಗಿದೆ ಅಂತ ಕೋರ್ಟಿಗೆ ಬರ್ದುಕೊಟ್ಟೋರು ಯಾರ್ರೀ?"

ನಾನೇ. ಯಾವ ಮನೆ, ಎಷ್ಟು ತಗ್ಗು, ಹೆಸರು ಸಮೇತ ಪಟ್ಟಿ ಇತ್ತು. ಡಮ್ಮಿ ಹಾಕುವವರು ಆ ಪಟ್ಟಿಯನ್ನೇ ಕೈಯಲ್ಲಿ ಹಿಡಿದುಕೊಂಡು ಬಂದರು.

ಎರಡು ದಿನದಲ್ಲಿ ಹನ್ನೊಂದು ಪೈಪುಗಳಿಗೂ ಡಮ್ಮಿ ಬಿತ್ತು. ಕೆಲಸವೆಲ್ಲ ಮನೆಗಳ ಹಿಂದಿನ ಚೇಂಬರುಗಳಲ್ಲೇ ಆಯಿತು. ಇನ್ನು ನಾನು ಪ್ರತಿ ಮನೆಯೊಳಗೆ ಹೋಗಿ ಬಚ್ಚಲಲ್ಲಿ ಕೊಳಚೆ ನಿಂತಿಲ್ಲವೆಂದು ನೋಡಿ ಸಹಿ ಮಾಡಬೇಕು. ಹಿಂದಿನ ತಪ್ಪು ಮರುಕಳಿಸಬಾರದೆಂದು ನಮೂನೆಯನ್ನು ನಾನೇ ಬಲು ಎಚ್ಚರಿಕೆಯಿಂದ ಬರೆದಿದ್ದೆ: "ಮನೆಯ ಒಳಗೆ ಖುದ್ದಾಗಿ ಹೋಗಿ ಪರಿಶೀಲಿಸಿರುತ್ತೇನೆ." ಹತ್ತು ಮನೆಗಳಲ್ಲಿ ಬಾಗಿಲು ತೆರೆದು ಪಕ್ಕಕ್ಕೆ ಸರಿದರು. ಕಾಫಿಗೆ ಯಾರೂ ಕರೆಯಲಿಲ್ಲ. ಕರೆದರೆ ಕುಡಿಯಬೇಕೆಂದು ಬೆಳಗ್ಗೆ ಮನೆಯಲ್ಲಿ ಕುಡಿಯದೆ ಬಂದಿದ್ದೆ.

ಕೊನೆಯ ಮನೆಯಲ್ಲಿ ಶೂ ಬಿಚ್ಚಿ ಹೊಸ್ತಿಲಿಗೆ ಕಾಲೆತ್ತಿದೆ. ಟೀಚರು ಬಾಗಿಲಿಗೆ ಅಡ್ಡ ಕೈ ಇಟ್ಟರು.

"ಬೇಡಿ ಸಾರ್. ನೀವು ಹೊರಗೆ ನಿಂತು ಅಳೆದಾಗ ಮೂರು ಸಲ ಕೊಳಚೆ ಬಂತು, ತೊಳ್ಕೊಂಡ್ವಿ. ಒಳಗೆ ಬಂದು ಅಳೆದ್ರಿ, ಬಾತ್‌ರೂಮೇ ಹೋಯ್ತು. ಇನ್ನೊಂದು ಸಲ ಬರಬೇಡಿ."

"ಪಂಪಿಗೆ ಬರೆದಿದೀನಿ ಮೇಡಂ. ಆಗುತ್ತೆ."

"ಆ ಫೈಲಲ್ಲೂ ಗೆರೆ ಎಳೆದಿರ್ತಾರೆ, ನೋಡಿ" ಎಂದರು. ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿದರು.

ಹತ್ತು ಇದ್ದರೆ ವರದಿ ಆಗುವುದಿಲ್ಲ, ಹನ್ನೊಂದು ಬೇಕು. ಬೀದಿಯಲ್ಲಿ ಸ್ಕೂಟರಿನ ಸೀಟಿನ ಮೇಲೆ ಹಾಳೆ ಇಟ್ಟುಕೊಂಡು, ಒಳಗೆ ಖುದ್ದಾಗಿ ಹೋಗಿ ಪರಿಶೀಲಿಸಿರುತ್ತೇನೆ ಎಂಬ ಸಾಲಿನ ಕೆಳಗೆ ಸಹಿ ಮಾಡಿದೆ. ಮೇಸ್ತ್ರಿ ಸಾಕ್ಷಿ ಹಾಕಿದರು.

ಮುಕ್ತಾಯದ ವಿಚಾರಣೆಗೆ ಇನ್ನೂ ಒಂದು ವಾರದ ಫೋಟೋ ಬೇಕಿತ್ತು. ಯಾರನ್ನೂ ನಂಬದೆ ನಾನೇ ಹೋಗುತ್ತಿದ್ದೆ. ಮೊದಲ ದಿನ ಬೆಳಗಿನ ಏಳೂವರೆಗೆ ಕಾಲುವೆಯ ದಂಡೆಯಲ್ಲಿ ನಿಂತಿದ್ದಾಗ ಟೀಚರು ಬಂದರು. ಶಾಲೆಗೆ ಹೊರಡುವ ಸೀರೆ, ಹೆಗಲಿಗೆ ಚೀಲ, ಕೈಯಲ್ಲಿ ಮುಚ್ಚಳ ಹಾಕಿದ ಬಕೆಟ್ಟು. ತಾಯಿಗೆ ಅವರು ಪ್ಲಾಸ್ಟಿಕ್ ಕುರ್ಚಿಗೆ ತೂತು ಕೊರೆದು ಕೊಟ್ಟಿದ್ದಾರೆಂದು ನರ್ಸು ಹೇಳಿದ್ದರು. ನನ್ನನ್ನು ನೋಡಿದರು, ನಿಲ್ಲಲಿಲ್ಲ. ಏಳನೇ ಬಾಯಿಯ ಪಕ್ಕಕ್ಕೆ ನಡೆದು, ಸೆರಗು ಸಿಕ್ಕಿಸಿ, ಬಾಗಿ, ಸುರಿದರು. ಬಕೆಟ್ಟು ಜಾಲಾಡಿದರು. ವಾಪಸು ಹೋದರು.

ವಹಿಯಲ್ಲಿ ಬಕೆಟ್ಟಿಗೆ ಕಾಲಂ ಇಲ್ಲ.

ಅವರು ಗಲ್ಲಿಯ ತಿರುವು ದಾಟುವವರೆಗೆ ಕಾದೆ. ಸುರಿದದ್ದು ಕಾಲುವೆಯಲ್ಲಿ ಮುಂದಕ್ಕೆ ಹೋಗುವವರೆಗೂ ಕಾದೆ. ಆಮೇಲೆ ಮೊಬೈಲು ಎತ್ತಿ, ಹೊತ್ತು ಮತ್ತು ಜಾಗ ಬಿದ್ದಿದೆಯೇ ಎಂದು ಎರಡು ಸಲ ನೋಡಿಕೊಂಡು, ಒಣಗಿದ ಬಾಯಿಯ ಫೋಟೋ ತೆಗೆದೆ. ಸೊನ್ನೆ ಎಂದು ಬರೆದೆ. ಏಳು ದಿನವೂ ಹಾಗೇ ಮಾಡಿದೆ.